ಶ್ರೀಲಂಕಾ: ಸರಾಸರಿಯ ಹೊರಗುಳಿದ ಜಿಲ್ಲೆಗಳು

ಅಭಿವೃದ್ಧಿ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಶ್ರೀಲಂಕಾಕ್ಕೆ ಅದರ ಗಾತ್ರವನ್ನು ಮೀರಿದ ಜಾಗ ಸಿಕ್ಕಿದೆ. ಆದಾಯ ನೋಡಿದರೆ ಬಡದೇಶ. ಆಯಸ್ಸು, ಅಕ್ಷರ, ಶಿಶುಮರಣ ನೋಡಿದರೆ ಹಾಗನ್ನಿಸುವುದಿಲ್ಲ. ಈ ಒಗಟಿನ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬರೆದದ್ದನ್ನು ಸಾಲಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಡೀ ದ್ವೀಪಕ್ಕೆ ಒಂದೇ ಅಂಕಿ ಕೊಟ್ಟು ಅದರ ಮೇಲೆ ವಾದಿಸಿದವರೇ ಬಹಳ. ಆ ಅಂಕಿ ದ್ವೀಪದ ಯಾವ ಭಾಗದ್ದು ಎಂದು ಕೇಳಿದವರು ತಡವಾಗಿ ಬಂದರು.

ವಿಚಿತ್ರವೆಂದರೆ, ಮೊದಲ ದೊಡ್ಡ ಚರ್ಚೆ ಹುಟ್ಟಿದ್ದು ಜಿಲ್ಲೆಗಳ ನಡುವಿನ ವ್ಯತ್ಯಾಸದಿಂದಲೇ. 1934ರಲ್ಲಿ ಮುಂಗಾರು ಕೈಕೊಟ್ಟು ನೈಋತ್ಯ ಭಾಗದ ಹೊಳೆಗಳು ಗುಂಡಿಗುಂಡಿಯಾಗಿ ನಿಂತವು. ಅನಾಫಿಲಿಸ್ ಸೊಳ್ಳೆಗೆ ಬೇಕಾದದ್ದು ಅದೇ ನಿಂತ ನೀರು. ಒಣವಲಯದ ಜನರಂತೆ ಮಲೇರಿಯಾ ಜೊತೆ ಬದುಕಿ ಅಭ್ಯಾಸವಿಲ್ಲದ ಕೇಗಾಲೆಯ ಕಡೆಯ ಹಳ್ಳಿಗಳಿಗೆ ಜ್ವರ ನುಗ್ಗಿತು. ಮರುವರ್ಷದ ಹೊತ್ತಿಗೆ ಸತ್ತವರು ಸುಮಾರು 80,000. ಪರಿಹಾರ ಕೆಲಸಕ್ಕೆ ಹೋದ ಎಡಪಂಥೀಯ ತರುಣರು ಕ್ವಿನೈನ್ ಜೊತೆ ಆಹಾರವನ್ನೂ ಹಂಚಿದರು. ಬೇಳೆ ಹಂಚಿದ ಎನ್.ಎಂ. ಪೆರೇರಾ ಅವರಿಗೆ ಹಳ್ಳಿಯವರು ‘ಪರಿಪ್ಪು ಮಹತ್ತಯಾ’, ಅಂದರೆ ಬೇಳೆ ಸಾಹೇಬರು ಎಂದೇ ಹೆಸರಿಟ್ಟರು. ಮುಂದೆ ಅವರು ದೇಶದ ಹಣಕಾಸು ಸಚಿವರಾದರು. ಜನ ಸತ್ತದ್ದು ಸೊಳ್ಳೆಯಿಂದಲೋ ಹಸಿವಿನಿಂದಲೋ ಎಂಬ ಪ್ರಶ್ನೆ ಅಲ್ಲೇ ಹುಟ್ಟಿತು.

ಮುಂದೆ ಅದೇ ಪ್ರಶ್ನೆ ಅಂಕಿ-ಅಂಶದ ವೇಷದಲ್ಲಿ ಬಂತು. 1946ರಲ್ಲಿ ಮನೆಮನೆಗೆ ಡಿಡಿಟಿ ಹೊಡೆಯುವ ಕೆಲಸ ಆರಂಭವಾಯಿತು. ಆ ವರ್ಷ ಸಾವಿರಕ್ಕೆ 20ರಷ್ಟಿದ್ದ ಮರಣ ಪ್ರಮಾಣ 1947ರಲ್ಲಿ 14ರ ಆಸುಪಾಸಿಗೆ ಇಳಿಯಿತು. ಇದು ಡಿಡಿಟಿಯ ಪವಾಡ ಎಂದು ಜಗತ್ತೆಲ್ಲ ಸಾರಿತು. ಅರ್ಥಶಾಸ್ತ್ರಜ್ಞ ಪೀಟರ್ ನ್ಯೂಮನ್ ಮಲೇರಿಯಾ ಹೆಚ್ಚಿದ್ದ ಜಿಲ್ಲೆಗಳನ್ನೂ ಇಲ್ಲದ ಜಿಲ್ಲೆಗಳನ್ನೂ ಹೋಲಿಸಿ, ಯುದ್ಧಾನಂತರದ ಮರಣ ಇಳಿಕೆಯಲ್ಲಿ ದೊಡ್ಡ ಪಾಲನ್ನು ಮಲೇರಿಯಾ ನಿಯಂತ್ರಣಕ್ಕೆ ಕೊಟ್ಟರು. ಹೆರಾಲ್ಡ್ ಫ್ರೆಡರಿಕ್ಸನ್ ಒಪ್ಪಲಿಲ್ಲ. ಔಷಧ ಸಿಂಪಡಿಸದ ಕಡೆಯೂ ಸಾವು ಇಳಿದಿತ್ತಲ್ಲ, ಆಹಾರ ಆಮದು ಸುಧಾರಿಸಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ ಎಂದರು. 1974ರಲ್ಲಿ ಆರ್.ಎಚ್. ಗ್ರೇ ಮತ್ತೆ ಲೆಕ್ಕ ಹಾಕಿದಾಗ ಮಲೇರಿಯಾದ ಪಾಲು ಸುಮಾರು ಕಾಲು ಭಾಗಕ್ಕೆ ಇಳಿಯಿತು. ಇನ್ನು ಉಳಿದದ್ದು? 1926ರಲ್ಲಿ ಕಳುತರದಲ್ಲಿ ತೆರೆದ ಮೊದಲ ಆರೋಗ್ಯ ಘಟಕ, ಮನೆಮನೆಗೆ ಹೋಗಿ ಬಸುರಿಯರ ಹೆಸರು ಬರೆದುಕೊಳ್ಳುವ ಸೂಲಗಿತ್ತಿ-ನರ್ಸ್, ಹತ್ತಿರದಲ್ಲೇ ಸಿಗುವ ಸರಕಾರಿ ಆಸ್ಪತ್ರೆ, ಅಕ್ಕಿ. ಒಂದೇ ಕಾರಣ ಹುಡುಕಿ ಹೊರಟವರಿಗೆ ಇದು ನಿರಾಶೆ ತರುವ ಉತ್ತರ. ನನಗಂತೂ ಗ್ರೇ ಅವರ ಲೆಕ್ಕವೇ ಹೆಚ್ಚು ನಂಬಲರ್ಹ ಅನ್ನಿಸುತ್ತದೆ. ಈ ಕಥೆಗೆ ಒಂದು ಉಪಕಥೆಯೂ ಇದೆ. 1963ರಲ್ಲಿ ಬರೀ 17 ಪ್ರಕರಣಗಳಿಗೆ ಇಳಿದಿದ್ದ ಮಲೇರಿಯಾ, ಎಚ್ಚರ ತಪ್ಪಿದ ಕೂಡಲೇ 1960ರ ದಶಕದ ಕೊನೆಗೆ ಲಕ್ಷಗಟ್ಟಲೆಯಾಗಿ ಮರಳಿತು. ದೇಶ ಮಲೇರಿಯಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಲು 2016 ಬರಬೇಕಾಯಿತು.

ಅಕ್ಕಿಯ ಮಾತು ಬಂತು. ಯುದ್ಧಕಾಲದಲ್ಲಿ, 1942ರಲ್ಲಿ, ಬರ್ಮಾದ ಅಕ್ಕಿ ಕೈತಪ್ಪಿದಾಗ ಶುರುವಾದ ಪಡಿತರ ಯುದ್ಧ ಮುಗಿದ ಮೇಲೂ ನಿಲ್ಲಲಿಲ್ಲ. 1931ರಲ್ಲೇ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬಂದಿತ್ತು, ಸಿ.ಡಬ್ಲ್ಯು.ಡಬ್ಲ್ಯು. ಕನ್ನಂಗರ ಅವರ ಪ್ರಯತ್ನದಿಂದ 1945ರ ಹೊತ್ತಿಗೆ ಶಿಕ್ಷಣ ಉಚಿತವಾಗಿತ್ತು. ಓಟು ಇದ್ದವನ ಅಕ್ಕಿಗೆ ಕೈಹಾಕುವುದು ಸುಲಭವಲ್ಲ ಎಂದು 1953ರಲ್ಲಿ ಗೊತ್ತಾಯಿತು. ಪಡಿತರ ಅಕ್ಕಿಯ ಬೆಲೆಯನ್ನು 25 ಸೆಂಟ್‌ನಿಂದ 70 ಸೆಂಟ್‌ಗೆ ಏರಿಸಿದಾಗ ಆಗಸ್ಟ್ 12ರ ಹರತಾಳ ದೇಶವನ್ನೇ ನಿಲ್ಲಿಸಿತು. ಪ್ರಧಾನಿ ಡಡ್ಲಿ ಸೇನಾನಾಯಕ ರಾಜೀನಾಮೆ ಕೊಟ್ಟರು. ಸಿಲೋನ್ (ದೇಶದ ಆಗಿನ ಹೆಸರು) ಉತ್ಪಾದನೆಗೆ ಮೊದಲೇ ಹಂಚಿಕೆಗೆ ಇಳಿದಿದೆ ಎಂಬರ್ಥದಲ್ಲಿ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಆಕ್ಷೇಪಿಸಿದ್ದು ಅದಾಗಿ ಕೆಲವೇ ವರ್ಷಗಳಿಗೆ.

1970ರ ದಶಕ ಬರುವಷ್ಟರಲ್ಲಿ ಆ ಆಕ್ಷೇಪಣೆಯೇ ಮೆಚ್ಚುಗೆಯಾಗಿ ತಿರುಗಿತು. ಮಾರಿಸ್ ಡೇವಿಡ್ ಮಾರಿಸ್ ಆಯಸ್ಸು, ಶಿಶುಮರಣ, ಸಾಕ್ಷರತೆ ಮೂರನ್ನೂ ಸೇರಿಸಿ ‘ಭೌತಿಕ ಜೀವನಮಟ್ಟದ ಸೂಚ್ಯಂಕ’ ರಚಿಸಿದಾಗ ಶ್ರೀಲಂಕಾ 80ಕ್ಕೂ ಮೇಲಿನ ಅಂಕ ಪಡೆಯಿತು. 1981ರಲ್ಲಿ ಅಮರ್ತ್ಯ ಸೇನ್ ಇನ್ನೂ ಮುಂದೆ ಹೋದರು. ಉಳಿದ ಬಡದೇಶಗಳಂತೆ ಆದಾಯ ಬೆಳವಣಿಗೆಯೊಂದನ್ನೇ ನೆಚ್ಚಿದ್ದರೆ ಈ ಆಯಸ್ಸಿಗೆ ತಲುಪಲು ಶ್ರೀಲಂಕಾಕ್ಕೆ 58ರಿಂದ 152 ವರ್ಷ ಬೇಕಾಗುತ್ತಿತ್ತು ಎಂದು ಲೆಕ್ಕ ಹಾಕಿದರು. ಸುರ್ಜಿತ್ ಭಲ್ಲಾ ಮತ್ತು ಪಾಲ್ ಗ್ಲೆವೆ 1986ರಲ್ಲಿ ಇದನ್ನು ಪ್ರಶ್ನಿಸಿದರು. 1960ರಲ್ಲೇ ಲಂಕಾ ಮುಂದಿತ್ತು. ಆಮೇಲಿನ ಸುಧಾರಣೆಯ ವೇಗದಲ್ಲಿ ವಿಶೇಷವೇನಿದೆ ಎಂಬುದು ಅವರ ವಾದ. ಪಾಲ್ ಐಸೆನ್‌ಮನ್, ಸುಧೀರ್ ಆನಂದ್, ರವಿ ಕನ್ಬುರ್ ಉತ್ತರ ಬರೆದರು. ಮುಖ್ಯ ಕೆಲಸವೆಲ್ಲ ನಡೆದದ್ದು 1960ಕ್ಕೆ ಮೊದಲೇ, ಅಲ್ಲಿಂದ ಎಣಿಕೆ ಶುರುಮಾಡಿದರೆ ಕಾರಣವೇ ಕಣ್ಮರೆಯಾಗುತ್ತದೆ ಎಂದರು. ತೀಕ್ಷ್ಣ ಚರ್ಚೆ, ನಿಜ. ಆದರೆ ಎರಡೂ ಪಕ್ಷಗಳ ಕೋಷ್ಟಕಗಳಲ್ಲಿ ಶ್ರೀಲಂಕಾ ಎಂದರೆ ಒಂದೇ ಸಾಲು.

ಆ ಸಾಲಿನಲ್ಲಿ ಬಿರುಕಿರುವುದನ್ನು ಈ ಚರ್ಚೆಗೂ ಮೊದಲೇ ತೋರಿಸಿದ್ದು 1971ರ ಏಪ್ರಿಲ್‌ನ ಯುವಕರ ದಂಗೆ. ಅದೇ ವರ್ಷ ಡಡ್ಲಿ ಸೀರ್ಸ್ ನೇತೃತ್ವದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಂಡ ವರದಿ ಕೊಟ್ಟಿತು. ಶಾಲೆ ಹಳ್ಳಿಗೆ ಬಂದಿದೆ, ಓದಿದ ಹುಡುಗನಿಗೆ ತಕ್ಕ ಕೆಲಸ ಹಳ್ಳಿಯಲ್ಲಿಲ್ಲ ಎಂಬುದು ಅದರ ತಿರುಳು.

ಸರಕಾರದ ಬಳಿ ಪ್ರಾದೇಶಿಕ ಉತ್ತರವೊಂದು ಮೊದಲಿನಿಂದಲೂ ಇತ್ತು: ಒಣವಲಯಕ್ಕೆ ನೀರು ಹರಿಸಿ ಜನರನ್ನು ಅಲ್ಲಿ ನೆಲೆಗೊಳಿಸುವುದು. 1949ರಲ್ಲಿ ಶುರುವಾದ ಗಲ್ ಓಯಾ ಯೋಜನೆ ಅದರ ದೊಡ್ಡ ಮಾದರಿ. ಬಿ.ಎಚ್. ಫಾರ್ಮರ್ ಈ ವಸಾಹತುಗಳ ಬಗ್ಗೆ 1957ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದುವಂಥದ್ದು. 1977ರಲ್ಲಿ ಆರ್ಥಿಕತೆ ತೆರೆದುಕೊಂಡ ಮೇಲೆ 30 ವರ್ಷದ ಮಹಾವೇಲಿ ನದಿ ಯೋಜನೆಯನ್ನು ಐದಾರು ವರ್ಷಕ್ಕೆ ಕುಗ್ಗಿಸಲಾಯಿತು. ವಿಕ್ಟೋರಿಯಾ ಅಣೆಕಟ್ಟಿಗೆ ಬ್ರಿಟನ್, ಕೊತ್ಮಲೆಗೆ ಸ್ವೀಡನ್, ರಂದೆನಿಗಲಕ್ಕೆ ಪಶ್ಚಿಮ ಜರ್ಮನಿ ಹಣ ಕೊಟ್ಟವು. ಜಿಲ್ಲಾ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಗಳದೂ ಇದೇ ಕಥೆ. ಕುರುನೇಗಲಕ್ಕೆ ವಿಶ್ವಬ್ಯಾಂಕ್, ಮಾತರಕ್ಕೆ ಸ್ವೀಡನ್, ಹಂಬಂತೋಟಕ್ಕೆ ನಾರ್ವೆ, ನುವರ ಎಲಿಯಕ್ಕೆ ನೆದರ್ಲೆಂಡ್ಸ್. ಜಿಲ್ಲೆಗೊಬ್ಬ ದಾನಿ, ದಾನಿಗೊಂದು ಸಿದ್ಧಾಂತ. ಇದೇ ಕಾಲದಲ್ಲಿ, 1979ರಲ್ಲಿ, ಅಕ್ಕಿ ಪಡಿತರದ ಬದಲಿಗೆ ಬಂದ ಆಹಾರ ಚೀಟಿಯ ಮುಖಬೆಲೆ ಬದಲಾಗಲಿಲ್ಲ. ಬೆಲೆಯೇರಿಕೆ ಅದನ್ನು ವರ್ಷವರ್ಷ ಕರಗಿಸಿತು. ಒಣವಲಯದ ನೆಲೆಗಳ ಮೇಲೆ ಇನ್ನೊಂದು ನೆರಳೂ ಬಿತ್ತು. 1990ರ ದಶಕದಿಂದ ಉತ್ತರ ಮಧ್ಯ ಪ್ರಾಂತ್ಯದ ರೈತರಲ್ಲಿ, ಮಧುಮೇಹವಾಗಲಿ ರಕ್ತದೊತ್ತಡವಾಗಲಿ ಇಲ್ಲದವರಲ್ಲೂ, ಮೂತ್ರಪಿಂಡ ಕೆಡುವ ಕಾಯಿಲೆ ಕಾಣಿಸಿಕೊಂಡಿತು. ಅದರ ಕಾರಣದ ಬಗ್ಗೆ ವಿಜ್ಞಾನಿಗಳು ಈಗಲೂ ಒಮ್ಮತಕ್ಕೆ ಬಂದಿಲ್ಲ.

ಪ್ರದೇಶವೇ ಅಧ್ಯಯನದ ಮುಖ್ಯ ವಸ್ತುವಾದದ್ದು 1987ರ ಭಾರತ-ಶ್ರೀಲಂಕಾ ಒಪ್ಪಂದದ ನಂತರ, ಸಂವಿಧಾನದ 13ನೇ ತಿದ್ದುಪಡಿಯಿಂದ ಪ್ರಾಂತೀಯ ಪರಿಷತ್ತುಗಳು ಬಂದ ಮೇಲೆ. ಕೇಂದ್ರೀಯ ಬ್ಯಾಂಕು ಪ್ರಾಂತವಾರು ಉತ್ಪನ್ನದ ಲೆಕ್ಕ ಕೊಡತೊಡಗಿತು. ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯದಲ್ಲಿ ಜನಸಂಖ್ಯೆಯ ಮೂರನೇ ಒಂದು ಭಾಗವೂ ಇಲ್ಲ, ದೇಶದ ಉತ್ಪನ್ನದ ಶೇ. 40ಕ್ಕೂ ಹೆಚ್ಚು ಅಲ್ಲಿಯದು. 1998ರ ಶ್ರೀಲಂಕಾ ಮಾನವ ಅಭಿವೃದ್ಧಿ ವರದಿ ಪ್ರಾದೇಶಿಕ ಆಯಾಮವನ್ನೇ ವಿಷಯವಾಗಿ ಎತ್ತಿಕೊಂಡಿತು. 2012ರ ವರದಿಯೂ ಅದನ್ನೇ ಮುಂದುವರಿಸಿತು. ಕರ್ನಾಟಕದ ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ಓದಿದ ಕನ್ನಡಿಗರಿಗೆ ಈ ಬಗೆಯ ಕೋಷ್ಟಕಗಳು ಹೊಸತಲ್ಲ.

ಈ ವರದಿಗಳಲ್ಲಿ ನಾನು ನಿಂತು ಓದುವುದು ಟೀ ತೋಟಗಳ ಪುಟಗಳನ್ನು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ಲೈನ್ ಮನೆ ಎನ್ನುವ ಸಾಲುಮನೆಗಳೇ ನುವರ ಎಲಿಯದಲ್ಲೂ ಇವೆ. ಒಂದೇ ಗೋಡೆ ಹಂಚಿಕೊಂಡ ಒಂದೊಂದು ಕೋಣೆ, ಮುಂದೆ ಕಿರಿದಾದ ಜಗಲಿ, ಹಲವು ಮನೆಗಳಿಗೆ ಒಂದೇ ನಲ್ಲಿ. ಅಲ್ಲಿ ದುಡಿಯಲು ತಮಿಳುನಾಡಿನಿಂದ ಬಂದವರ ಮಕ್ಕಳು-ಮೊಮ್ಮಕ್ಕಳ ಪೌರತ್ವವನ್ನು ಸ್ವಾತಂತ್ರ್ಯದ ವರ್ಷವೇ, 1948ರಲ್ಲೇ, ಕಾನೂನು ಕಿತ್ತುಕೊಂಡಿತು. ಹೀಗಾಗಿ ಓಟಿನಿಂದ ಅಕ್ಕಿ, ಶಾಲೆ, ಆಸ್ಪತ್ರೆ ಬಂತು ಎಂಬ ಮಾದರಿ ಇವರಿಗೆ ಅನ್ವಯಿಸಲೇ ಇಲ್ಲ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಲ್ಲಿ 5.25 ಲಕ್ಷ ಜನರನ್ನು ಭಾರತ ತೆಗೆದುಕೊಳ್ಳುವುದೆಂದಾಯಿತು. ಅವರಲ್ಲಿ ಕೆಲವು ಕುಟುಂಬಗಳು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಬಂದು ನೆಲೆಸಿದವು. ಅಲ್ಲಿ ಇಂದಿಗೂ ಇವೆ. ಲಂಕಾದಲ್ಲಿ ಉಳಿದವರ ಬಡತನವನ್ನು ಬರೀ ಖರ್ಚಿನಲ್ಲಿ ಅಳೆದರೆ ಅರ್ಧ ಮಾತ್ರ ಕಾಣುತ್ತದೆ, ಏಕೆಂದರೆ ಗಂಡ ಹೆಂಡತಿ ಇಬ್ಬರೂ ಕೂಲಿ ತರುತ್ತಾರೆ. ಮನೆ, ನೀರು, ಶೌಚಾಲಯ, ಶಾಲೆ ಎಲ್ಲವನ್ನೂ ಸೇರಿಸಿದ ಬಹುಆಯಾಮದ ಸೂಚ್ಯಂಕದಲ್ಲಿ 2019ರಲ್ಲಿ ದೇಶದ ಬಡವರು ಶೇ. 16, ತೋಟಗಳಲ್ಲಿ ಅರ್ಧಕ್ಕೂ ಹೆಚ್ಚು.

ಉತ್ತರದ ಕಥೆ ಬೇರೆ. ಅಲ್ಲಿ ಅಳತೆಯೇ ಇರಲಿಲ್ಲ. 1990-91ರಿಂದ 2002ರವರೆಗಿನ ಕುಟುಂಬ ಆದಾಯ-ವೆಚ್ಚ ಸಮೀಕ್ಷೆಗಳಲ್ಲಿ ಅಂತರ್ಯುದ್ಧದ ಕಾರಣ ಉತ್ತರ, ಪೂರ್ವ ಪ್ರಾಂತ್ಯಗಳನ್ನು ಬಿಡಲಾಗಿತ್ತು. ಯುದ್ಧ ಮುಗಿದ ಬೆನ್ನಲ್ಲೇ, 2009-10ರಲ್ಲೂ, ಮನ್ನಾರ್, ಕಿಲಿನೊಚ್ಚಿ, ಮುಲ್ಲೈತೀವು ಹೊರಗೇ ಉಳಿದವು. ಇಪ್ಪತ್ತೈದೂ ಜಿಲ್ಲೆಗಳು ಒಟ್ಟಿಗೆ ಲೆಕ್ಕಕ್ಕೆ ಸಿಕ್ಕಿದ್ದು 2012-13ರಲ್ಲಿ. ಅಷ್ಟೂ ವರ್ಷ ‘ಶ್ರೀಲಂಕಾದ ಬಡತನ’ ಎಂದು ಉಲ್ಲೇಖವಾದ ಅಂಕಿ ಶ್ರೀಲಂಕಾದ್ದಲ್ಲ. ಕಾದಾಟ ನಡೆಯದ ಜಿಲ್ಲೆಗಳದು.

2016ರಲ್ಲಿ ಬಡತನ ಶೇ. 4.1 ಎಂದು ಬಂದಾಗ ಸರಕಾರ ಬೀಗಿತು. ಬಡತನ ರೇಖೆ ಹಳೆಯ ಆಹಾರ ಪದ್ಧತಿಯ ಮೇಲೆ ನಿಂತಿತ್ತು. ಅದನ್ನು 2012-13ರ ಆಧಾರಕ್ಕೆ ಬದಲಿಸಿದಾಗ 2019ರ ಅಂಕಿ ಶೇ. 14.3 ಆಯಿತು. ಜಿಲ್ಲೆಗಳಿಗೆ ಇಳಿದರೆ ಕೊಲಂಬೊದಲ್ಲಿ ಶೇ. 2.3, ಮುಲ್ಲೈತೀವಿನಲ್ಲಿ 44.5. ಸೇನ್-ಭಲ್ಲಾ ಜಗಳವನ್ನು ಈ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಓದಬೇಕು.

2021ರಲ್ಲಿ ರಸಗೊಬ್ಬರ ಆಮದಿಗೆ ಹಠಾತ್ ನಿಷೇಧ, 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾರೆವೆಂಬ ಘೋಷಣೆ, ಆ ಸೆಪ್ಟೆಂಬರ್‌ನಲ್ಲಿ ಶೇ. 70ರ ಆಸುಪಾಸಿನ ಹಣದುಬ್ಬರ. ಒಂದೇ ವರ್ಷದಲ್ಲಿ ಬಡವರ ಪ್ರಮಾಣ ಸುಮಾರು ಇಮ್ಮಡಿಯಾಗಿ ನೂರಕ್ಕೆ 25ರ ಹತ್ತಿರ ಬಂದಿದೆ ಎಂದು ವಿಶ್ವಬ್ಯಾಂಕ್ ಅಂದಾಜಿಸಿತು. 2023ರ ಮಾರ್ಚ್‌ನಲ್ಲಿ ಐಎಂಎಫ್‌ನ ಸುಮಾರು 300 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಸಿಕ್ಕಿತು. ಆ ವರ್ಷವೇ ಹಳೆಯ ಸಮೃದ್ಧಿ ನೆರವನ್ನು ಬದಿಗೆ ಸರಿಸಿ ‘ಅಸ್ವೆಸುಮ’ ಎಂಬ ಹೊಸ ನೆರವು ಯೋಜನೆ ಬಂತು. ಯಾರಿಗೆ ನೆರವು ಎಂಬುದನ್ನು ಇನ್ನು ಮುಂದೆ ಶಿಕ್ಷಣ, ಆರೋಗ್ಯ, ಮನೆ, ಆಸ್ತಿ, ವಿದ್ಯುತ್ ಬಳಕೆಯಂಥ ಸೂಚಕಗಳ ಅಂಕವೇ ನಿರ್ಧರಿಸಬೇಕು. ಪಟ್ಟಿ ಪ್ರಕಟವಾದ ಜೂನ್‌ನಲ್ಲಿ ಪ್ರಾದೇಶಿಕ ಕಾರ್ಯಾಲಯಗಳ ಮುಂದೆ ಪ್ರತಿಭಟನೆಗಳು ನಡೆದವು, ಮೇಲ್ಮನವಿಗಳು ಲಕ್ಷಗಟ್ಟಲೆ ಬಂದವು. ಸಂಶೋಧಕರಿಗೆ ಇದೊಂದು ಹೊಸ ದಾಖಲೆ ರಾಶಿ. ಯಾವ ಜಿಲ್ಲೆಯಲ್ಲಿ ಎಷ್ಟು ಜನ ತಮ್ಮ ಅಂಕ ತಪ್ಪೆಂದರು, ಅವರಲ್ಲಿ ತೋಟದವರೆಷ್ಟು, ಮುಲ್ಲೈತೀವಿನವರೆಷ್ಟು ಎಂಬುದನ್ನು ಅದರಲ್ಲಿ ಹುಡುಕಬಹುದು.