ಸೈತಾನನಿಗೆ ಹಕ್ಕಿತ್ತೇ? ಕ್ರೈಸ್ತ ವಿಮೋಚನಾ ಚಿಂತನೆಯಲ್ಲಿ ಜಯ ಮತ್ತು ನ್ಯಾಯ

ಯೇಸುವಿನ ಶಿಲುಬೆಮರಣ ಮನುಷ್ಯನನ್ನು ಹೇಗೆ ಬಿಡಿಸಿತು ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳ ಚರಿತ್ರೆಯನ್ನು ಇಂದಿಗೂ ಬಹುಮಂದಿ ಸ್ವೀಡನ್ನಿನ ದೇವಶಾಸ್ತ್ರಜ್ಞ ಗುಸ್ತಾಫ್ ಔಲೆನ್ ಹಾಕಿಕೊಟ್ಟ ಚೌಕಟ್ಟಿನಲ್ಲೇ ಓದುತ್ತಾರೆ. 1930ರ ಅವರ ಉಪನ್ಯಾಸಗಳು ಮರುವರ್ಷ 'ಕ್ರಿಸ್ತುಸ್ ವಿಕ್ಟರ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದವು. ಆದಿಸಭೆ ಶಿಲುಬೆಯಲ್ಲಿ ಕಂಡದ್ದು ಪಾಪ, ಮರಣ, ಸೈತಾನರ ಮೇಲಿನ ದೇವರ ಜಯವನ್ನು. ಹನ್ನೊಂದನೆಯ ಶತಮಾನದ ಆನ್ಸೆಲ್ಮ್ ಅದನ್ನು ಸಾಲ ತೀರಿಸುವ ಕಾನೂನಿನ ಲೆಕ್ಕವಾಗಿಸಿದ ಎಂಬುದು ಅವರ ವಾದದ ತಿರುಳು. ಮರೆತುಹೋಗುತ್ತಿದ್ದ ಜಯದ ನೆನಪನ್ನು ಮರಳಿಸಿದ ಈ ಪುಸ್ತಕದ ಋಣ ದೊಡ್ಡದು. ಆದರೆ ಜಯ ಒಂದು ಕಡೆ, ನ್ಯಾಯ ಇನ್ನೊಂದು ಕಡೆ ಎಂಬ ಅದರ ವಿಭಜನೆಯನ್ನು ಮೂಲಗ್ರಂಥಗಳು ಒಪ್ಪುವುದಿಲ್ಲ. ಸೈತಾನ ಸೋತನೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವನನ್ನು ನ್ಯಾಯವಾಗಿ ಸೋಲಿಸಬೇಕಿತ್ತೇ, ಮನುಷ್ಯನ ಮೇಲೆ ಅವನಿಗೆ ಹಕ್ಕೆಂಬುದಿತ್ತೇ ಎಂಬುದೇ ಸಾವಿರ ವರ್ಷದ ವ್ಯಾಜ್ಯ.

ಈ ವ್ಯಾಜ್ಯದ ಮೊದಲ ಸಾಕ್ಷಿ ಔಲೆನ್ ಅತಿಯಾಗಿ ನೆಚ್ಚಿಕೊಂಡ ಐರೇನಿಯಸ್. ಕ್ರಿ.ಶ. 180ರ ಸುಮಾರಿಗೆ ಲಿಯೋನ್ ನಗರದ ಈ ಬಿಷಪ್ ಮಿಥ್ಯಾಮತಗಳ ಖಂಡನೆಗೆಂದು ಬರೆದ ಕೃತಿಯ ಮೂರನೆಯ ಸಂಪುಟದಲ್ಲಿ, ಶತ್ರುವನ್ನು ಗೆದ್ದವನು ಮನುಷ್ಯನೇ ಆಗಿರದಿದ್ದರೆ ಆ ಗೆಲುವು ನ್ಯಾಯವಾದದ್ದಾಗುತ್ತಿರಲಿಲ್ಲ ಎನ್ನುತ್ತಾನೆ. ಐದನೆಯದರಲ್ಲಿ, ದೇವರು ಬಲಾತ್ಕಾರದಿಂದಲ್ಲ, ಮನವೊಲಿಸಿ ತನ್ನವರನ್ನು ಬಿಡಿಸಿಕೊಂಡ ಎನ್ನುತ್ತಾನೆ. ಮೂರನೆಯ ಶತಮಾನದಲ್ಲಿ ಓರಿಜೆನ್, ಮನುಷ್ಯನ ಬಿಡುಗಡೆಗಾಗಿ ಕ್ರಿಸ್ತನ ಪ್ರಾಣವನ್ನು ಈಡು ಕೊಟ್ಟದ್ದು ಯಾರಿಗೆ ಎಂದು ನೇರವಾಗಿಯೇ ಕೇಳಿ, ದೇವರಿಗಂತೂ ಅಲ್ಲ, ದುಷ್ಟನಿಗೇ ಎಂದ. ಇದನ್ನು ವಿಸ್ತರಿಸಿದ ನಿಸ್ಸಾದ ಗ್ರೆಗರಿ, ಕ್ರಿಸ್ತನ ದೇಹವನ್ನು ಎರೆಯಾಗಿಯೂ ದೈವತ್ವವನ್ನು ಅದರೊಳಗಿನ ಗಾಳವಾಗಿಯೂ ಕಂಡ: ಎರೆಯ ಆಸೆಗೆ ಬಾಯಿಹಾಕಿದ ಸೈತಾನ ಗಾಳಕ್ಕೆ ಸಿಕ್ಕಿದ. ದೇವರಿಗೆ ಮೋಸ ತಕ್ಕುದೇ ಎಂಬ ಆಕ್ಷೇಪ ಸಹಜ. ಗ್ರೆಗರಿಯೇ ಅದನ್ನೆತ್ತಿ ಉತ್ತರಿಸುತ್ತಾನೆ. ವಂಚಕನು ವಂಚನೆಗೊಳಗಾಗುವುದು ಅವನ ಕರ್ಮಕ್ಕೆ ತಕ್ಕ ಫಲ. ಜೊತೆಗೆ ವೈದ್ಯ ಅನ್ನದಲ್ಲಿ ಮದ್ದು ಬೆರೆಸಿದಂತೆ ಇದರ ಉದ್ದೇಶ ಗುಣಪಡಿಸುವುದು, ಆ ಗುಣ ಕೊನೆಗೆ ಸೈತಾನನಿಗೂ ತಟ್ಟುತ್ತದೆ. ಇದನ್ನು ಒರಟು ಪುರಾಣಕಥೆಯೆಂದು ತಳ್ಳಿಹಾಕುವವರು ಈ ಪುಟಗಳನ್ನು ಓದಿಲ್ಲವೆಂದೇ ನನ್ನ ಅನಿಸಿಕೆ. ಹಾಗೆಂದು ಸಮಕಾಲೀನರೆಲ್ಲ ಒಪ್ಪಲಿಲ್ಲ. ಅವನ ಗೆಳೆಯ ನಾಜಿಯಾಂಜಸ್‌ನ ಗ್ರೆಗರಿ, ದರೋಡೆಕೋರನಿಗೆ ದೇವರನ್ನೇ ಈಡು ಕೊಡುವುದೆಂದರೆ ಅಪಚಾರ ಎಂದು ಸಿಟ್ಟಾದ.

ಆಗಸ್ಟಿನ್ 'ತ್ರಯೈಕತ್ವ'ದ ಹದಿಮೂರನೆಯ ಭಾಗದಲ್ಲಿ ಗೋಜಲನ್ನು ಬಿಡಿಸಿದ. ಮರಣಕ್ಕೆ ಪಾತ್ರವಾದ ಯಾವ ತಪ್ಪೂ ಇಲ್ಲದವನನ್ನು ಕೊಂದು ಸೈತಾನ ತನ್ನ ಅಧಿಕಾರದ ಎಲ್ಲೆ ಮೀರಿದ. ಹಾಗಾಗಿ ಅವನ ಹಿಡಿತದಲ್ಲಿದ್ದ ಋಣಸ್ಥರನ್ನು ಬಿಡಿಸಿಕೊಂಡದ್ದು ನ್ಯಾಯ. ದೇವರು ಮೊದಲು ನ್ಯಾಯದಿಂದ ಗೆದ್ದ, ಆಮೇಲೆ ಬಲದಿಂದ. ಈ ಕ್ರಮವನ್ನು ಆಗಸ್ಟಿನ್ ಬಹಳ ಎಚ್ಚರದಿಂದ ಕಾಯುತ್ತಾನೆ.

1098ರಲ್ಲಿ ಮುಗಿದ 'ದೇವರು ಮನುಷ್ಯನಾದದ್ದೇಕೆ' ಕೃತಿಯಲ್ಲಿ ಆನ್ಸೆಲ್ಮ್ ಸೈತಾನನ ಹಕ್ಕನ್ನು ಸಂಪೂರ್ಣ ನಿರಾಕರಿಸುತ್ತಾನೆ: ಮನುಷ್ಯನೂ ಸೈತಾನನೂ ಇಬ್ಬರೂ ದೇವರ ಆಳುಗಳು, ಒಬ್ಬ ಆಳು ಇನ್ನೊಬ್ಬನನ್ನು ಕದ್ದೊಯ್ದರೆ ಒಡೆಯನ ಎದುರು ಯಾವ ಹಕ್ಕು? ಆದರೆ ಹಕ್ಕು ಹೋದೊಡನೆ ಜಯವೂ ಹೋಯಿತೇ? ಇಲ್ಲ. ಸುಲಭವಾಗಿ ಸೈತಾನನಿಗೆ ಸೋತ ಮನುಷ್ಯ, ದೇವರ ಗೌರವಕ್ಕಾಗಿ ಅಷ್ಟೇ ಕಷ್ಟಪಟ್ಟು ಅವನನ್ನು ಗೆಲ್ಲಬೇಕು; ಮರಣಕ್ಕಿಂತ ಕಷ್ಟದ್ದು ಬೇರೊಂದಿಲ್ಲ ಎಂಬುದು ಎರಡನೆಯ ಭಾಗದ ತರ್ಕ. ಇದು ಹಳೆಯ ಮಾತಿನ ಅಳಿದುಳಿದ ಚೂರಷ್ಟೇ ಎಂದು ಔಲೆನ್ ಪಕ್ಷದವರು ಹೇಳಬಹುದು. ಹಾಗಲ್ಲ, ಕ್ರಿಸ್ತ ಸಾಯಲೇಬೇಕಾದದ್ದೇಕೆ ಎಂಬ ವಾದ ಊರಿ ನಿಂತ ಕಂಬಗಳಲ್ಲಿ ಇದೂ ಒಂದು. ಅವರ ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆ: ಆದಿಸಭೆಯ ಕಥೆಯಲ್ಲಿ ಮೊದಲಿನಿಂದ ಕೊನೆವರೆಗೆ ಕಾರ್ಯ ದೇವರದ್ದೇ, ಆನ್ಸೆಲ್ಮ್‌ನಲ್ಲಿ ಕಾಣಿಕೆ ಮನುಷ್ಯನ ಕಡೆಯಿಂದ ಮೇಲಕ್ಕೆ ಹೋಗುತ್ತದೆ. ಗೆಲ್ಲುವವನು ಮನುಷ್ಯನಾಗಿರಬೇಕೆಂಬ ಐರೇನಿಯಸ್‌ನ ಷರತ್ತನ್ನು ಎದುರಿಗಿಟ್ಟರೆ ಈ ಗೆರೆಯೂ ಅಳಿಸಿಹೋಗುತ್ತದೆ. ಆನ್ಸೆಲ್ಮ್ ಬದಲಿಸಿದ್ದು ನ್ಯಾಯ ಯಾರಿಗೆ ಸಲ್ಲಬೇಕೆಂಬುದನ್ನು.

ಈ ಬದಲಾವಣೆಯೂ ಪಶ್ಚಿಮದಲ್ಲಿ ಒಮ್ಮೆಲೇ ಬೇರೂರಲಿಲ್ಲ. ಸುಮಾರು ನಲವತ್ತು ವರ್ಷಗಳ ನಂತರ ಅಬೆಲಾರ್ಡ್ ಸೈತಾನನ ಹಕ್ಕನ್ನು ಅಲ್ಲಗಳೆದಾಗ, ಕ್ಲೇರ್ವೋದ ಬರ್ನಾರ್ಡ್ ಪೋಪರಿಗೆ ಉದ್ದನೆಯ ಪತ್ರ ಬರೆದು ಅದನ್ನು ಖಂಡಿಸಿದ: ಮನುಷ್ಯನನ್ನು ಹಿಡಿದಿಟ್ಟ ಸೈತಾನನ ಇಚ್ಛೆ ಅನ್ಯಾಯದ್ದು, ಆದರೆ ದೇವರೇ ಬಿಟ್ಟುಕೊಟ್ಟ ಅವನ ಅಧಿಕಾರ ನ್ಯಾಯದ್ದು.