ಹನ್ನೆರಡನೆಯ ಸಾಲಿನ ಓದುಗ

ಮಿಸಿಸಿಪಿ ರಾಜ್ಯದ ಒಂದು ಹಳ್ಳಿ ಶಾಲೆ, 1933ನೇ ಇಸವಿ. ಕಪ್ಪು ಮಕ್ಕಳಿಗೆಂದೇ ಇರುವ ಈ ಶಾಲೆಯಲ್ಲಿ ಆ ವರ್ಷ ಮಕ್ಕಳ ಕೈಗೆ ಪುಸ್ತಕಗಳು ಸಿಗುತ್ತವೆ ಎಂಬುದೇ ದೊಡ್ಡ ಸುದ್ದಿ. ಆರು ವರ್ಷದ ಲಿಟ್ಲ್ ಮ್ಯಾನ್ ಬಲು ಶಿಸ್ತಿನ ಹುಡುಗ, ಬಟ್ಟೆಗೆ ಧೂಳು ತಾಗಿದರೂ ಸಹಿಸದವನು. ಅವನಿಗೆ ಸಿಕ್ಕ ಪುಸ್ತಕವೋ ಕೊಳಕಾಗಿದೆ, ಹರಿದಿದೆ. ಬೇರೆ ಕೊಡಿ ಎಂದು ಕೇಳುತ್ತಾನೆ, ಮೇಡಂ ಕೊಡುವುದಿಲ್ಲ. ರಕ್ಷಾಪುಟ ತೆರೆದು ನೋಡಿದವನೇ ಪುಸ್ತಕವನ್ನು ನೆಲಕ್ಕೆಸೆದು ಕಾಲಲ್ಲಿ ತುಳಿಯತೊಡಗುತ್ತಾನೆ. ಅಲ್ಲಿ ಒಂದು ಕೋಷ್ಟಕವಿದೆ. ಪುಸ್ತಕವನ್ನು ಯಾವಾಗ ಕೊಟ್ಟದ್ದು, ಆಗ ಅದರ ಸ್ಥಿತಿ ಹೇಗಿತ್ತು, ಪಡೆದ ವಿದ್ಯಾರ್ಥಿ ಯಾವ ಜನಾಂಗದವನು. 1922ರಲ್ಲಿ ಪುಸ್ತಕ ಹೊಸದು. ಅಲ್ಲಿಂದ ಹನ್ನೊಂದು ಸಾಲುಗಳವರೆಗೆ ಜನಾಂಗದ ಕಲಮಿನಲ್ಲಿ ಬಿಳಿಯರು. ಹನ್ನೆರಡನೆಯ ಸಾಲಿಗೆ ಬರುವಾಗ ಪುಸ್ತಕದ ಸ್ಥಿತಿ ತೀರಾ ಕಳಪೆ, ಜನಾಂಗದ ಕಲಮಿನಲ್ಲಿ ಕಪ್ಪು ಜನರನ್ನು ಹೀಗಳೆಯುವ ಒಂದು ಪದ. ಲಿಟ್ಲ್ ಮ್ಯಾನ್‌ಗೆ ಓದಲು ಬರುತ್ತಿತ್ತು. ತೊಂದರೆಯಾದದ್ದು ಅದರಿಂದಲೇ.

ಇದು ಮಿಲ್ಡ್ರೆಡ್ ಟೇಲರ್ ಬರೆದ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಕಾದಂಬರಿಯ ಮೊದಲ ಅಧ್ಯಾಯ. 1976ರಲ್ಲಿ ಬಂದ ಈ ಪುಸ್ತಕಕ್ಕೆ ಮರುವರ್ಷ ನ್ಯೂಬೆರಿ ಪದಕ ಸಿಕ್ಕಿತು. ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಿಗುವ ದೊಡ್ಡ ಮನ್ನಣೆ ಅದು. ಇದೊಂದೇ ಪುಸ್ತಕವಲ್ಲ. 1975ರ 'ಸಾಂಗ್ ಆಫ್ ದ ಟ್ರೀಸ್'ನಿಂದ ಹಿಡಿದು 2020ರ 'ಆಲ್ ದ ಡೇಸ್ ಪಾಸ್ಟ್, ಆಲ್ ದ ಡೇಸ್ ಟು ಕಮ್'ವರೆಗೆ, ಲೋಗನ್ ಎಂಬ ಒಂದೇ ಕುಟುಂಬದ ತಲೆಮಾರುಗಳ ಕಥೆಯನ್ನು ಟೇಲರ್ ನಲವತ್ತೈದು ವರ್ಷ ಹಿಡಿದು ಬರೆದರು. ಬಹುಪಾಲನ್ನು ಹೇಳುವವಳು ಲಿಟ್ಲ್ ಮ್ಯಾನ್‌ನ ಅಕ್ಕ ಕ್ಯಾಸಿ. ಎಲ್ಲವೂ ಹದಿಹರೆಯದವರಿಗೆ, ಇಲ್ಲವೇ ಅದಕ್ಕೂ ಚಿಕ್ಕ ಮಕ್ಕಳಿಗೆ.

ನನ್ನ ಪಿಎಚ್‌ಡಿ ಕೆಲಸ ಶಾಲಾ ದಾಖಲೆಗಳ ಮೇಲೆ. ಹಳೆಯ ಹಾಜರಿ ಪುಸ್ತಕ, ದಾಖಲಾತಿ ವಹಿ ಇಂಥವುಗಳನ್ನು ನೋಡುತ್ತ ಕೂರುವುದು ನನಗೆ ಅಭ್ಯಾಸ. ಹಾಗಾಗಿಯೇ ಇರಬೇಕು, ಈ ಕಾದಂಬರಿ ಓದಿದಾಗ ಉಳಿದವರು ಮೆಚ್ಚುವ ಬೆಂಕಿಯ ದೃಶ್ಯಕ್ಕಿಂತ, ಅಂಗಡಿ ಬಹಿಷ್ಕಾರಕ್ಕಿಂತ ನನ್ನನ್ನು ಹಿಡಿದದ್ದು ಆ ಕೋಷ್ಟಕ. ಒಂದು ಪುಸ್ತಕವನ್ನು ಯಾರು ಯಾರು ಓದಿದರು ಎಂಬ ದಾಖಲೆ ಅದು. ನಮ್ಮ ಶಾಲೆಗಳ ದಾಖಲಾತಿ ವಹಿಗಳಲ್ಲೂ ಜಾತಿಯ ಕಲಂ ಇದೆ, ಅದನ್ನು ದಿನವೂ ನೋಡುವ ನನ್ನಂಥವರಿಗೆ ಲಿಟ್ಲ್ ಮ್ಯಾನ್‌ನ ಕೋಪವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮ ಕಲಮಿಗೆ ಇನ್ನೊಂದು ಮುಖವೂ ಇದೆ. ಮೀಸಲಾತಿ, ವಿದ್ಯಾರ್ಥಿವೇತನಗಳ ಹಕ್ಕಿಗೆ ಅದು ಆಧಾರವಾಗುತ್ತದೆ. ಮಿಸಿಸಿಪಿಯ ಕಲಮಿಗೆ ಅಂಥ ಮುಖವಿರಲಿಲ್ಲ. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಆ ಕೋಷ್ಟಕದಲ್ಲಿ ಓದುಗರ ಹೆಸರಿಲ್ಲ, ಅಭಿಪ್ರಾಯವೂ ಇಲ್ಲ. ಟೇಲರ್ ಅವರ ಪುಸ್ತಕದ ವಿಷಯಕ್ಕೆ ಬಂದರೆ ಅಭಿಪ್ರಾಯಗಳ ರಾಶಿಯೇ ಇದೆ. ದಶಕಗಳಿಂದ ಅಮೆರಿಕದ ಶಾಲೆಗಳಲ್ಲಿ ಪಾಠವಾಗಿರುವ ಕೃತಿಯಿದು. ಒತ್ತಾಯಕ್ಕೆ ಓದಿದೆವು, ಮೊದಲ ನೂರು ಪುಟ ನಿಧಾನ, ಪಾತ್ರಗಳು ವಿಪರೀತ ಎಂದು ಗೊಣಗುವವರಿದ್ದಾರೆ. ಹನ್ನೆರಡನೆಯ ವಯಸ್ಸಿನಲ್ಲಿ ಓದಿದ್ದು ಇನ್ನೂ ಕಾಡುತ್ತಿದೆ ಎನ್ನುವವರಿದ್ದಾರೆ. ಇವೆಲ್ಲ ಎಲ್ಲ ಪಠ್ಯಗಳ ಹಣೆಬರಹ. ಇತಿಹಾಸದ ದೃಷ್ಟಿಯಿಂದ ಮುಖ್ಯವಾದದ್ದು ಬೇರೊಂದು ಜಗಳ. ಈ ಪುಸ್ತಕದಲ್ಲಿ ಬಿಳಿಯ ಪಾತ್ರಗಳು ಕಪ್ಪು ಜನರನ್ನು ಬೈಯುವಾಗ ಬಳಸುವ ಪದವನ್ನು ಟೇಲರ್ ಇದ್ದಂತೆಯೇ ಬಳಸಿದ್ದಾರೆ. ಅದನ್ನು ಮಕ್ಕಳ ಮುಂದೆ ಇಡಬಹುದೇ?

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಪ್ರತಿವರ್ಷ, ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯನ್ನು ಪ್ರಕಟಿಸುತ್ತದೆ. 2002ರ ಪಟ್ಟಿಯಲ್ಲಿ 'ರೋಲ್ ಆಫ್ ಥಂಡರ್' ಒಂಬತ್ತನೆಯದು. ಆಕ್ಷೇಪದ ಕಾರಣಗಳಲ್ಲಿ ಒಂದು ಜನಾಂಗೀಯತೆ! ಜನಾಂಗೀಯತೆಯ ವಿರುದ್ಧ ಬರೆದ ಪುಸ್ತಕಕ್ಕೆ ಈ ಆರೋಪ ಎಂದು ನಕ್ಕು ಸುಮ್ಮನಾಗುವುದು ಸುಲಭ. ಬಹಳ ಜನ ಹಾಗೆಯೇ ಮಾಡುತ್ತಾರೆ ಕೂಡ. ಆದರೆ 2020ರಲ್ಲಿ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ನಡೆದದ್ದನ್ನು ನಕ್ಕು ದಾಟಲಾಗದು. ಅಲ್ಲಿ ಆಕ್ಷೇಪ ಎತ್ತಿದ ಪೋಷಕರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರೇ. ಒಬ್ಬ ಹುಡುಗಿಯನ್ನು ಸಹಪಾಠಿಯೊಬ್ಬ ಅದೇ ಪದ ಬಳಸಿ ಹಂಗಿಸಿದ್ದ. ಎಲ್ಲಿ ಕಲಿತೆ ಎಂದು ಕೇಳಿದರೆ, ತರಗತಿಯಲ್ಲಿ ಓದಿದ ಈ ಪುಸ್ತಕದಿಂದ ಎಂದನಂತೆ. ಕೊನೆಗೆ ಅಲ್ಲಿನ ಶಾಲಾ ಆಡಳಿತ ಐದು ಪುಸ್ತಕಗಳನ್ನು ಇಡೀ ತರಗತಿ ಓದಲೇಬೇಕಾದ ಪಟ್ಟಿಯಿಂದ ಕೈಬಿಟ್ಟಿತು. ಹಾರ್ಪರ್ ಲೀ, ಮಾರ್ಕ್ ಟ್ವೇನ್, ಜಾನ್ ಸ್ಟೈನ್‌ಬೆಕ್, ಥಿಯೊಡೋರ್ ಟೇಲರ್ ಇವರ ಕೃತಿಗಳ ಜೊತೆಗೆ ಮಿಲ್ಡ್ರೆಡ್ ಟೇಲರ್ ಅವರದೂ ಹೋಯಿತು. ಐವರಲ್ಲಿ ಕಪ್ಪು ಲೇಖಕಿ ಇವರೊಬ್ಬರೇ. ಪೆನ್ ಅಮೆರಿಕದಂಥ ಸಂಸ್ಥೆಗಳು ಇದನ್ನು ವಿರೋಧಿಸಿದವು.

ಈ ಜಗಳದಲ್ಲಿ ಟೇಲರ್ ಯಾವ ಕಡೆ? 2001ರಲ್ಲಿ ಬಂದ 'ದ ಲ್ಯಾಂಡ್' ಕಾದಂಬರಿಗೆ ಬರೆದ ಮಾತಿನಲ್ಲಿ ಅವರು ಇದನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. ನೋವಿನ ಮಾತು ತಮ್ಮ ಮಕ್ಕಳ ಕಿವಿಗೆ ಬೀಳಬಾರದು ಎಂಬ ತಂದೆತಾಯಿಯರ ಆಸೆ ತಾಯಿಯಾಗಿ ತನಗೆ ಅರ್ಥವಾಗುತ್ತದೆ, ಆದರೆ ಮಕ್ಕಳು ಆ ಚರಿತ್ರೆಯನ್ನೇ ತಿಳಿಯಬಾರದು ಎನ್ನುವುದು ಅರ್ಥವಾಗುವುದಿಲ್ಲ ಎಂಬುದು ಅವರ ನಿಲುವು. ಇದನ್ನು ಎರಡೂ ಪಕ್ಷದವರು ತಮಗೆ ಬೇಕಾದಷ್ಟೇ ತುಂಡು ಮಾಡಿ ಎತ್ತಿಕೊಳ್ಳುವುದನ್ನು ನೋಡಿದ್ದೇನೆ. ನನಗೆ ವಿಚಿತ್ರವೆನಿಸುವುದೇನೆಂದರೆ, ಇದಕ್ಕೆ ಅವರ ಮುನ್ನುಡಿಯನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ. ಜಗಳ ಪೂರ್ತಿಯಾಗಿ ಕಾದಂಬರಿಯ ಒಳಗೇ ಇದೆ.

ಪುಸ್ತಕ ತುಳಿದದ್ದಕ್ಕೆ ಲಿಟ್ಲ್ ಮ್ಯಾನ್‌ಗೆ ಏಟು ಬಿತ್ತು, ಅವನ ಪರ ನಿಂತು ತನಗೂ ಪುಸ್ತಕ ಬೇಡವೆಂದ ಕ್ಯಾಸಿಗೂ ಬಿತ್ತು. ಅವರಮ್ಮ ಮೇರಿ ಲೋಗನ್ ಅದೇ ಶಾಲೆಯಲ್ಲಿ ಏಳನೇ ತರಗತಿಯ ಟೀಚರ್. ಮಕ್ಕಳ ಮೇಡಂ ಬಂದು ದೂರು ಹೇಳಿದಾಗ ಮೇರಿ ಜಗಳಕ್ಕೆ ನಿಲ್ಲುವುದಿಲ್ಲ. ಕಂದು ಕಾಗದವನ್ನು ಅಳತೆಗೆ ಕತ್ತರಿಸಿ, ಇಬ್ಬರು ಮಕ್ಕಳ ಪುಸ್ತಕದ ಕೋಷ್ಟಕದ ಮೇಲೆ ಅಂಟಿಸುತ್ತಾಳೆ. ಇದು ಕೌಂಟಿಯ ಸ್ವತ್ತು, ಯಾರಾದರೂ ನೋಡಿದರೆ ಏನು ಗತಿ ಎಂದು ಆ ಮೇಡಂ ಗಾಬರಿಯಾಗುತ್ತಾರೆ. ಮೇರಿ ತನ್ನ ತರಗತಿಯ ಪುಸ್ತಕಗಳಿಗೂ ಹಾಗೆಯೇ ಅಂಟಿಸುತ್ತಾ ಹೋಗುತ್ತಾಳೆ. ತಿಂಗಳುಗಳ ನಂತರ ಊರಿನ ದೊಡ್ಡ ಜಮೀನುದಾರ ಹಾರ್ಲನ್ ಗ್ರೇಂಜರ್, ಶಾಲಾ ಮಂಡಳಿಯ ಇನ್ನಿಬ್ಬರ ಜೊತೆ ಅವಳ ತರಗತಿಗೆ ಬರುತ್ತಾನೆ. ಮೇರಿ ಅಂದು ಗುಲಾಮಗಿರಿಯ ಪಾಠ ಮಾಡುತ್ತಿದ್ದಾಳೆ. ಆಕೆ ಹೇಳುತ್ತಿರುವುದು ಪಠ್ಯಪುಸ್ತಕದಲ್ಲಿಲ್ಲ, ಅಲ್ಲಿರುವುದು ಸರಿಯೂ ಅಲ್ಲ ಎಂದು ಆಕೆಗೆ ಗೊತ್ತು. ಬಂದವರು ಪುಸ್ತಕಗಳನ್ನು ತಿರುವಿ ಅಂಟಿಸಿದ ಕಾಗದವನ್ನೂ ನೋಡುತ್ತಾರೆ. ಆಕೆಯ ಕೆಲಸ ಹೋಗುತ್ತದೆ.

ಗಮನಿಸಿ, ಒಬ್ಬಳೇ ಹೆಂಗಸು, ಒಂದೇ ತರಗತಿ. ಒಂದು ಕೈಯಲ್ಲಿ ಬೈಗುಳವನ್ನು ಮುಚ್ಚುತ್ತಿದ್ದಾಳೆ, ಇನ್ನೊಂದು ಕೈಯಲ್ಲಿ ಮುಚ್ಚಿಟ್ಟ ಚರಿತ್ರೆಯನ್ನು ತೆರೆಯುತ್ತಿದ್ದಾಳೆ. ಮಂಡಳಿಯವರಿಗೆ ಎರಡೂ ಅಪರಾಧವೇ. ಕೋಷ್ಟಕದ ಪದವನ್ನು ಮಕ್ಕಳು ನೋಡುತ್ತಲೇ ಇರಬೇಕು, ಆ ಪದ ಹುಟ್ಟಿದ ಬಗೆಯನ್ನು ಮಾತ್ರ ತಿಳಿಯಬಾರದು.

ಪುಸ್ತಕದ ಪರ ವಾದಿಸುವವರು ಲಿಟ್ಲ್ ಮ್ಯಾನ್ ತುಳಿದದ್ದನ್ನು ನೆನೆಯುತ್ತಾರೆ, ಗುಲಾಮಗಿರಿಯ ಪಾಠವನ್ನು ನೆನೆಯುತ್ತಾರೆ. ಅಂಟಿಸಿದ ಕಾಗದದ ಬಗ್ಗೆ ಮಾತಾಡಿದವರನ್ನು ನಾನು ಕಂಡದ್ದು ತೀರಾ ಕಡಿಮೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಬರ್ಬ್ಯಾಂಕ್‌ನ ಆ ಪೋಷಕರು ಚರಿತ್ರೆಗೆ ಹೆದರಿದವರಂತೆ ಕಾಣುವುದಿಲ್ಲ. ಅವರೂ ಕಾಗದ ಮತ್ತು ಅಂಟು ಹಿಡಿದು ನಿಂತ ಮೇರಿಯರೇ. ವ್ಯತ್ಯಾಸವಿರುವುದು ಆಮೇಲೆ ನಡೆದದ್ದರಲ್ಲಿ. ಮೇರಿ ಪದವನ್ನು ಮುಚ್ಚಿದ ಕೂಡಲೇ ಪಾಠ ಶುರು ಮಾಡಿದಳು. ಶಾಲಾ ಆಡಳಿತಗಳಿಗೆ ಮುಚ್ಚಿದ ಮೇಲೆ ಕೆಲಸ ಮುಗಿಯುತ್ತದೆ. ತರಗತಿಯಲ್ಲಿ ಇಬ್ಬರೋ ಮೂವರೋ ಕಪ್ಪು ಮಕ್ಕಳು ಕೂತಿರುವಾಗ ಈ ಪುಸ್ತಕವನ್ನು ಗಟ್ಟಿಯಾಗಿ ಓದಿಸುವ ಟೀಚರಿಗೆ ಏನು ತರಬೇತಿ ಕೊಡುತ್ತೀರಿ ಎಂಬುದು ಪಟ್ಟಿಗಿಂತ ಕಷ್ಟದ ಪ್ರಶ್ನೆ. ಖರ್ಚಿನ ಪ್ರಶ್ನೆ ಕೂಡ.

ಇನ್ನೊಂದು ಮಾತು. ಶಾಲೆಗಳಲ್ಲಿ ಓದಿಸುವುದು ಈ ಒಂದೇ ಸಂಪುಟವನ್ನು. ಒಂದು ವಂಶದ ಕಥೆಯಿಂದ ಒಂದು ವರ್ಷವನ್ನು ಕತ್ತರಿಸಿ ಕೈಗೆ ಕೊಟ್ಟಂತೆ. ಹಾಗೆ ಓದಿದ ಮಗುವಿಗೆ ಬೈಗುಳ ಕೇಳಿಸುತ್ತದೆ, ನೆಲ ಕಾಣುವುದಿಲ್ಲ. ಇಡೀ ಸರಣಿಯ ಬೆನ್ನೆಲುಬು ನೆಲ. ಕ್ಯಾಸಿಯ ಅಜ್ಜ ಪಾಲ್-ಎಡ್ವರ್ಡ್ 1887ರಲ್ಲಿ ಇನ್ನೂರು ಎಕರೆ ಕೊಂಡ, 1918ರಲ್ಲಿ ಇನ್ನೂ ಇನ್ನೂರು. ಅದನ್ನು ಉಳಿಸಿಕೊಳ್ಳಲು ಕ್ಯಾಸಿಯ ಅಪ್ಪ ಲೂಸಿಯಾನದ ರೈಲು ಹಳಿಗಳ ಮೇಲೆ ಕೂಲಿ ಮಾಡುತ್ತಾನೆ, ಅಮ್ಮ ಪಾಠ ಮಾಡುತ್ತಾಳೆ. ಅಡಮಾನ ಮತ್ತು ಕಂದಾಯ ಅವಳ ಸಂಬಳವನ್ನೂ ನುಂಗುತ್ತವೆ. ಅವಳ ಕೆಲಸ ಕಿತ್ತುಕೊಂಡ ಗ್ರೇಂಜರ್‌ನಿಗೆ ಬೇಕಾದದ್ದೂ ಅದೇ ನೆಲ, ಹಿಂದೊಮ್ಮೆ ಅದು ಅವನ ಮನೆತನದ್ದಾಗಿತ್ತು. ಕಾಗದ ಅಂಟಿಸಿದ್ದು, ಗುಲಾಮಗಿರಿಯ ಪಾಠ, ಇವೆಲ್ಲ ಅವನಿಗೆ ನೆಪ.

ಇದು ಬರೀ ಕಲ್ಪನೆಯಲ್ಲ. 1920ರ ಗಣತಿಯಲ್ಲಿ ಅಮೆರಿಕದಲ್ಲಿ ಸುಮಾರು 9 ಲಕ್ಷ 25 ಸಾವಿರ ಕಪ್ಪು ರೈತರಿದ್ದರು, ಹೆಚ್ಚಿನವರು ಗೇಣಿಗೋ ಪಾಲಿಗೋ ದುಡಿಯುವವರು. 1997ರ ಹೊತ್ತಿಗೆ ಒಟ್ಟು ಸಂಖ್ಯೆ 20 ಸಾವಿರಕ್ಕೂ ಕೆಳಗಿಳಿಯಿತು. ಸಾಲ ಸಿಗದಿರುವುದು, ಕಂದಾಯ ಬಾಕಿ, ಉಯಿಲಿಲ್ಲದ ಆಸ್ತಿ, ಬೆದರಿಕೆ, ಉತ್ತರದ ಪಟ್ಟಣಗಳಿಗೆ ವಲಸೆ, ಎಲ್ಲವೂ ಸೇರಿ ಆದದ್ದು. ಟೇಲರ್ ಅವರ ಮನೆಯವರೂ ಆಕೆ ಕೂಸಾಗಿದ್ದಾಗಲೇ ಮಿಸಿಸಿಪಿ ಬಿಟ್ಟು ಓಹಾಯೋದ ಟೊಲೆಡೊಗೆ ಹೋದರು. ಪ್ರತಿ ಬಾರಿ ದಕ್ಷಿಣಕ್ಕೆ ಮರಳಿದಾಗ ಅಪ್ಪ, ನೆಂಟರಿಷ್ಟರು ಹೇಳುತ್ತಿದ್ದ ಕಥೆಗಳೇ ಈ ಪುಸ್ತಕಗಳಾದವು. ಶಾಲೆಯ ಚರಿತ್ರೆ ಪಾಠದಲ್ಲಿ ಆ ಜನರ ಸುಳಿವೇ ಇರಲಿಲ್ಲ.

ಪಾಲ್-ಎಡ್ವರ್ಡ್‌ನ ಬಾಲ್ಯ ಬರುವುದು 'ದ ಲ್ಯಾಂಡ್'ನಲ್ಲಿ. ಅವನ ತಂದೆ ಬಿಳಿಯ ಜಮೀನುದಾರ, ತಾಯಿ ಅದೇ ಮನುಷ್ಯನ ಗುಲಾಮಳಾಗಿದ್ದವಳು. ಬಿಳಿಯ ಅಣ್ಣಂದಿರ ಜೊತೆ ಆಡಿ ಬೆಳೆದ ಹುಡುಗನಿಗೆ ತನ್ನ ಜಾಗ ಯಾವುದೆಂದು ಕಲಿಸಲು ತಂದೆ ಚಾಟಿ ಎತ್ತುತ್ತಾನೆ. ಇದನ್ನು ಓದಿದವರಿಗೆ, ಮೊಮ್ಮಗ ಶಾಲೆಯಲ್ಲಿ ತಿಂದ ಏಟು ಬರೀ ಒಂದು ದಿನದ ಏಟಾಗಿ ಉಳಿಯುವುದಿಲ್ಲ. ಯಾವುದನ್ನು ಮೊದಲು ಓದಬೇಕು, ಬರೆದ ಕ್ರಮದಲ್ಲೋ ಕಾಲದ ಕ್ರಮದಲ್ಲೋ ಎಂದು ಓದುಗರು ಚರ್ಚೆ ಮಾಡುವುದುಂಟು. ನನ್ನ ಕೇಳಿದರೆ ಕ್ಯಾಸಿಯಿಂದ ಶುರು ಮಾಡಿ ಅಜ್ಜನ ಕಡೆಗೆ ಹಿಂದೆ ಹೋಗುವುದೇ ಸರಿ. ಮನೆಗಳಲ್ಲಿ ಮಕ್ಕಳಿಗೆ ಅಜ್ಜ ಸಿಗುವುದೂ ಹಾಗೆಯೇ ಅಲ್ಲವೇ, ನಡುವಿನಿಂದ.

ಕೊನೆಯ ಸಂಪುಟದ ಬಗ್ಗೆ ಒಂದು ದೂರು ಕೇಳಿಬರುತ್ತದೆ. ಅದರಲ್ಲಿ ಕ್ಯಾಸಿ ದೊಡ್ಡವಳು. ಟೊಲೆಡೊ, ಕ್ಯಾಲಿಫೋರ್ನಿಯಾ, ಬಾಸ್ಟನ್ ಎಂದು ತಿರುಗಿ, ಕಾನೂನು ಓದಿ, ನಾಗರಿಕ ಹಕ್ಕುಗಳ ಹೋರಾಟದ ಕಾಲಕ್ಕೆ ಮಿಸಿಸಿಪಿಗೆ ಮರಳುತ್ತಾಳೆ. ಇದು ಹದಿಹರೆಯದವರ ಪುಸ್ತಕವೇ ಎಂಬುದು ಪ್ರಶ್ನೆ. ಅಂಗಡಿಯ ಕಪಾಟಿನ ಲೆಕ್ಕದಲ್ಲಿ ಪ್ರಶ್ನೆ ಸರಿಯೇ. ಆದರೆ 1976ರಲ್ಲಿ ಹನ್ನೆರಡು ವರ್ಷದವರಾಗಿದ್ದು ಕ್ಯಾಸಿಯನ್ನು ಮೊದಲು ಕಂಡ ಓದುಗರಿಗೆ 2020ರಲ್ಲಿ ಐವತ್ತಾರು. ಕೋಷ್ಟಕದ ಮೇಲಿನ ಜಗಳಕ್ಕೆ ಏಟು ತಿಂದ ಹುಡುಗಿ ವಕೀಲಳಾದಳೋ ಇಲ್ಲವೋ ಎಂದು ಅವರು ಅಷ್ಟು ವರ್ಷ ಕಾದಿದ್ದರು.