ಒಂದೇ ಹಾಡು, ಹಲವು ಅಂಗಳ

‘ಜಗದ್ವಿಖ್ಯಾತ’ ಎಂಬ ವಿಶೇಷಣವನ್ನು ನಾವು ಬಹು ಧಾರಾಳವಾಗಿ ಬಳಸುತ್ತೇವೆ. ಗಾಯಕನೊಬ್ಬನ ಹೆಸರು ಎರಡು ಮೂರು ದೇಶಗಳಲ್ಲಿ ಕೇಳಿಬಂದರೆ ಸಾಕು, ಜಗತ್ತೆಲ್ಲವೂ ಅವನಿಗೆ ತಲೆದೂಗಿತೆಂದು ಬರೆದುಬಿಡುತ್ತೇವೆ. ಆದರೆ ಕೀರ್ತಿಯ ರೀತಿ ಮುಂಗಾರು ಮಳೆಯ ರೀತಿ. ಒಂದು ಹೊಲವನ್ನು ತೋಯಿಸಿ ಬದುವಿನಾಚೆಯ ಹೊಲವನ್ನು ಒಣಗಲು ಬಿಡುವುದು ಅದರ ಸ್ವಭಾವ. ಹೀಗೇಕೆ ಎಂದು ಕೇಳಿದರೆ, ಜನರ ರುಚಿ ಬೇರೆ ಬೇರೆ ಎಂದು ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಒಂದು ನಿದರ್ಶನವನ್ನು ಹತ್ತಿರದಿಂದ ನೋಡಿದಾಗ ಆ ಉತ್ತರ ಸಾಲದೆಂಬುದು ತಿಳಿಯುತ್ತದೆ. ಇಂಗ್ಲೆಂಡಿನ ‘ಕ್ವೀನ್’ ಎಂಬ ರಾಕ್ ವೃಂದದ ಕಥೆ ಅಂತಹ ಒಂದು ನಿದರ್ಶನ.

1981ರಲ್ಲಿ ಈ ವೃಂದವು ಅದುವರೆಗಿನ ತನ್ನ ಜನಪ್ರಿಯ ಗೀತೆಗಳನ್ನೆಲ್ಲ ಆಯ್ದು ‘ಗ್ರೇಟೆಸ್ಟ್ ಹಿಟ್ಸ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಎಲ್ಲ ದೇಶಗಳಲ್ಲಿಯೂ ಅದರ ಹೆಸರು ಒಂದೇ. ಆದರೆ ಒಳಗಿನ ಹಾಡುಗಳು ಒಂದೇ ಅಲ್ಲ. ಬ್ರಿಟನ್ನಿನ ತಟ್ಟೆಯಲ್ಲಿದ್ದ ಕೆಲವು ಹಾಡುಗಳು ಅಮೆರಿಕದ ತಟ್ಟೆಯಲ್ಲಿ ಇರಲಿಲ್ಲ, ಅಲ್ಲಿದ್ದವು ಇಲ್ಲಿರಲಿಲ್ಲ. ಯಾವ ನಾಡಿನಲ್ಲಿ ಯಾವ ಹಾಡು ಗೆದ್ದಿತ್ತೋ ಆ ನಾಡಿಗೆ ಆ ಹಾಡು. ಹೀಗೆ ಒಂದೇ ಹೆಸರಿನ ಕೆಳಗೆ ನಾಲ್ಕಾರು ಬೇರೆ ಬೇರೆ ‘ಕ್ವೀನ್’ಗಳು ಇದ್ದುವೆಂಬುದನ್ನು ವ್ಯಾಪಾರಿಗಳು ವಿಮರ್ಶಕರಿಗಿಂತ ಮೊದಲೇ ಅರಿತಿದ್ದರು.

ವೃಂದ ಹುಟ್ಟಿದ್ದು 1970ರಲ್ಲಿ, ಲಂಡನ್ನಿನಲ್ಲಿ. ಗಿಟಾರಿನ ಬ್ರಯನ್ ಮೇ, ಡ್ರಮ್ಮಿನ ರಾಜರ್ ಟೇಲರ್, ಗಾಯಕ ಫ್ರೆಡಿ ಮರ್ಕ್ಯುರಿ ಮೊದಲಿನ ಮೂವರು. ಮರುವರ್ಷ ಜಾನ್ ಡೀಕನ್ ಸೇರಿಕೊಂಡನು. ಇಂಗ್ಲೆಂಡಿನ ಸಂಗೀತ ಪತ್ರಿಕೆಗಳು ಬಹುಕಾಲ ಇವರನ್ನು ಹಗುರವಾಗಿಯೇ ಕಂಡವು. ಅವರ ಆಡಂಬರ, ವೇಷಭೂಷಣ, ಗೀತನಾಟಕದ ಛಾಯೆ ಎಲ್ಲವೂ ಗೇಲಿಗೆ ವಸ್ತುವಾದವು. 1975ರ ‘ಬೊಹೀಮಿಯನ್ ರಾಪ್ಸಡಿ’ ಎಂಬ ಹಾಡು ಸುಮಾರು ಆರು ನಿಮಿಷದ್ದು. ಅಷ್ಟು ದೀರ್ಘವಾದ ಹಾಡನ್ನು ರೇಡಿಯೋ ನಿಲಯಗಳು ಹಾಕಲಾರವೆಂದು ಬಲ್ಲವರು ಹೇಳಿದರು. ಆದರೆ ಲಂಡನ್ನಿನ ಒಂದು ನಿಲಯದಲ್ಲಿ ಕೆನ್ನಿ ಎವರೆಟ್ ಎಂಬ ನಿರೂಪಕನು ಅದನ್ನು ಮತ್ತೆ ಮತ್ತೆ ಹಾಕಿದನು. ಹಾಡು ಬ್ರಿಟನ್ನಿನ ಮಾರಾಟದ ಪಟ್ಟಿಯ ತಲೆಯಲ್ಲಿ ಒಂಬತ್ತು ವಾರ ಕುಳಿತಿತು. ಅದೇ ಹಾಡು ಅಮೆರಿಕದಲ್ಲಿ 1976ರಲ್ಲಿ ಒಂಬತ್ತನೆಯ ಸ್ಥಾನದವರೆಗೆ ಏರಿ ನಿಂತಿತು. ಒಂಬತ್ತು ವಾರಕ್ಕೂ ಒಂಬತ್ತನೆಯ ಸ್ಥಾನಕ್ಕೂ ನಡುವೆ ಇರುವುದು ಅಟ್ಲಾಂಟಿಕ್ ಸಾಗರ ಮಾತ್ರವಲ್ಲ ಎಂಬುದನ್ನು ಮುಂದೆ ನೋಡೋಣ.

ಇಂಗ್ಲೆಂಡಿನಲ್ಲಿ ಈ ದೊಡ್ಡ ಗೆಲುವು ದೊರೆಯುವ ಮೊದಲೇ ಜಪಾನು ಇವರನ್ನು ತಲೆಯ ಮೇಲೆ ಹೊತ್ತಿತ್ತು. 1975ರ ಏಪ್ರಿಲಿನಲ್ಲಿ ನಾಲ್ವರೂ ಟೋಕಿಯೋದ ಹಾನೆಡಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಲ್ಲಿ ನೆರೆದಿದ್ದ ಅಭಿಮಾನಿಗಳು ಸುಮಾರು 3,000 ಮಂದಿ. ಬಹುಪಾಲು ಹುಡುಗಿಯರು. ಅಲ್ಲಿನ ಸಂಗೀತ ಮಾಸಪತ್ರಿಕೆಗಳು ಈ ವೃಂದದ ಚಿತ್ರಗಳನ್ನು ಮೊದಲೇ ಮನೆಮನೆಗೆ ಮುಟ್ಟಿಸಿದ್ದವು. ಇಂಗ್ಲೆಂಡಿನ ಪತ್ರಕರ್ತರು ಹಾಸ್ಯ ಮಾಡಿದ ಅದೇ ಉದ್ದ ಕೂದಲು, ಅದೇ ಬಿಳಿಯ ರೇಷ್ಮೆಯ ಉಡುಪು ಜಪಾನಿನ ಕಣ್ಣಿಗೆ ಸೊಗಸಾಗಿ ಕಂಡಿತು. ವೃಂದವೂ ಆ ಋಣವನ್ನು ಮರೆಯಲಿಲ್ಲ. 1976ರ ಆಲ್ಬಮಿನ ಕೊನೆಯ ಹಾಡಾದ ‘ತಿಯೋ ತೊರಿಯಾತ್ತೆ’ಯ ಪಲ್ಲವಿಯನ್ನು ಜಪಾನೀ ಭಾಷೆಯಲ್ಲಿಯೇ ಹಾಡಿದರು. ಜಪಾನಿನ ‘ಗ್ರೇಟೆಸ್ಟ್ ಹಿಟ್ಸ್’ನಲ್ಲಿ ಆ ಹಾಡಿಗೆ ಸ್ಥಾನ ದೊರೆತದ್ದು ಆಶ್ಚರ್ಯವಲ್ಲ.

ಇನ್ನು ಅಮೆರಿಕ. ಅಲ್ಲಿ ಇವರ ಶಿಖರ 1980. ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಎಂಬ ಡೀಕನ್ನನ ಹಾಡು ಅಲ್ಲಿ ಪ್ರಥಮ ಸ್ಥಾನಕ್ಕೆ ಏರಿತು. ಬ್ರಿಟನ್ನಿನಲ್ಲಿ ಏಳನೆಯದಾಗಿಯೇ ಉಳಿಯಿತು. ಇದಕ್ಕೆ ಒಂದು ಕಾರಣ ಸ್ಪಷ್ಟವಾಗಿದೆ. ಅಮೆರಿಕದಲ್ಲಿ ಕರಿಯ ಜನರ ಕೇಳ್ಮೆಗೆಂದೇ ಮೀಸಲಾದ ರೇಡಿಯೋ ನಿಲಯಗಳು ಇದ್ದವು. ನೃತ್ಯಕ್ಕೆ ಹೊಂದುವ ಆ ಹಾಡಿನ ನಡೆಯನ್ನು ಕೇಳಿ ಆ ನಿಲಯಗಳು ಅದನ್ನು ಎತ್ತಿಕೊಂಡವು. ಬಿಳಿಯರ ನಿಲಯ, ಕರಿಯರ ನಿಲಯ ಎಂಬ ಎರಡು ಬಾಗಿಲುಗಳ ಮೂಲಕವೂ ಒಂದೇ ಹಾಡು ಒಳಹೊಕ್ಕಿತು. ಬ್ರಿಟನ್ನಿನಲ್ಲಿ ಅಂತಹ ಎರಡನೆಯ ಬಾಗಿಲು ಇರಲಿಲ್ಲ.

ಆದರೆ ಗೆಲ್ಲಿಸಿದ ಆ ನಡೆಯೇ ಎರಡು ವರ್ಷಗಳಲ್ಲಿ ಮುಳುವಾಯಿತು. ಡಿಸ್ಕೋ ಸಂಗೀತದ ಮೇಲೆ ಅಮೆರಿಕದ ರಾಕ್ ಅಭಿಮಾನಿಗಳ ಕೋಪ ಎಷ್ಟಿತ್ತೆಂದರೆ, 1979ರ ಜುಲೈಯಲ್ಲಿ ಷಿಕಾಗೋದ ಒಂದು ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದ್ದರು. 1982ರಲ್ಲಿ ‘ಕ್ವೀನ್’ ನೃತ್ಯದ ಲಯವನ್ನೇ ನೆಚ್ಚಿ ‘ಹಾಟ್ ಸ್ಪೇಸ್’ ಎಂಬ ಆಲ್ಬಮನ್ನು ತಂದಾಗ ಬ್ರಿಟನ್ನಿನಲ್ಲಿ ಅದು ನಾಲ್ಕನೆಯ ಸ್ಥಾನಕ್ಕೆ ಬಂದಿತು. ಅಮೆರಿಕದಲ್ಲಿ ಇಪ್ಪತ್ತೆರಡನೆಯದಕ್ಕೆ ಇಳಿಯಿತು. ಆಮೇಲೆ ಬಂದದ್ದು 1984ರ ‘ಐ ವಾಂಟ್ ಟು ಬ್ರೇಕ್ ಫ್ರೀ’. ಅದರ ಕಿರುಚಿತ್ರದಲ್ಲಿ ನಾಲ್ವರೂ ಹೆಂಗಸರ ವೇಷ ತೊಟ್ಟು, ಮನೆಯ ಕಸ ಗುಡಿಸುತ್ತ ಕಾಣಿಸಿಕೊಂಡರು. 1960ರಿಂದ ನಡೆದುಬಂದ ‘ಕಾರೊನೇಷನ್ ಸ್ಟ್ರೀಟ್’ ಎಂಬ ದೂರದರ್ಶನ ಧಾರಾವಾಹಿಯ ಅಣಕ ಅದು. ಗಂಡಸು ಸೀರೆಯುಟ್ಟು ರಂಗಕ್ಕೆ ಬಂದರೆ ನಮ್ಮ ಬಯಲಾಟದ ಪ್ರೇಕ್ಷಕನು ಬೆಚ್ಚುವುದಿಲ್ಲ. ಇಂಗ್ಲೆಂಡಿನ ಹಾಸ್ಯರಂಗದಲ್ಲಿಯೂ ಅದು ಹಳೆಯ ವಾಡಿಕೆ. ಇಂಗ್ಲೆಂಡು ನಕ್ಕಿತು, ಹಾಡನ್ನು ಮೂರನೆಯ ಸ್ಥಾನಕ್ಕೆ ಏರಿಸಿತು. ಧಾರಾವಾಹಿಯ ಪರಿಚಯವಿಲ್ಲದ ಅಮೆರಿಕಕ್ಕೆ ಅಣಕ ತಲುಪಲಿಲ್ಲ, ವೇಷವಷ್ಟೇ ತಲುಪಿತು. ಅಲ್ಲಿಯ ಸಂಗೀತ ವಾಹಿನಿ ಚಿತ್ರವನ್ನು ತೋರಿಸಲು ಹಿಂಜರಿಯಿತು. ಹಾಡು ನಲವತ್ತೈದರಲ್ಲಿ ನಿಂತಿತು. ಆ ಚಿತ್ರ ಅಮೆರಿಕದಲ್ಲಿ ತಮಗೆ ಬಹಳ ಹಾನಿ ಮಾಡಿತೆಂದು ಬ್ರಯನ್ ಮೇ ಮುಂದೆ ಹೇಳಿಕೊಂಡದ್ದುಂಟು. 1982ರ ಸಂಚಾರದ ತರುವಾಯ ಮರ್ಕ್ಯುರಿ ಇದ್ದ ‘ಕ್ವೀನ್’ ಅಮೆರಿಕದಲ್ಲಿ ಮತ್ತೆ ಸಂಚಾರ ಕೈಗೊಳ್ಳಲೇ ಇಲ್ಲ.

ಅಮೆರಿಕ ಖಂಡದ ದಕ್ಷಿಣ ಭಾಗದಲ್ಲಿ ಕಥೆ ಇನ್ನೊಂದು ಬಗೆ. 1981ರ ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ವೃಂದವು ಅರ್ಜೆಂಟೀನ, ಬ್ರೆಜಿಲ್‌ಗಳ ಕಾಲ್ಚೆಂಡಿನ ಮೈದಾನಗಳಲ್ಲಿ ಹಾಡಿತು. ಸಾವೊ ಪಾಲೊ ನಗರದ ಮೊರುಂಬಿ ಮೈದಾನದಲ್ಲಿ ಮೊದಲ ರಾತ್ರಿ ಸೇರಿದವರು ಸುಮಾರು 1,31,000 ಮಂದಿ. ಇಂಗ್ಲಿಷು ಬಾರದ ಆ ಜನಸಾಗರ ‘ಲವ್ ಆಫ್ ಮೈ ಲೈಫ್’ ಎಂಬ ಹಾಡನ್ನು ಮೊದಲಿನಿಂದ ಕಡೆಯವರೆಗೆ ತಾನೇ ಹಾಡಿತು. ಮರ್ಕ್ಯುರಿ ಕೇಳುಗನಾಗಿ ನಿಂತನು.

ಆದರೆ ಈ ಸಂಭ್ರಮದ ಹಿನ್ನೆಲೆಯನ್ನು ಮರೆಯುವಂತಿಲ್ಲ. 1976ರ ಮಾರ್ಚಿಯಿಂದ ಅರ್ಜೆಂಟೀನ ಸೈನಿಕ ಆಡಳಿತದ ಕೈಯಲ್ಲಿತ್ತು. ಸಾವಿರಾರು ಜನ ಹಗಲೇ ಕಣ್ಮರೆಯಾಗುತ್ತಿದ್ದ ದಿನಗಳವು. ಯುವಕರು ಗುಂಪು ಸೇರುವುದೇ ಅನುಮಾನಕ್ಕೆ ಎಡೆಗೊಡುತ್ತಿದ್ದ ನಾಡಿನಲ್ಲಿ ಒಂದು ರಾತ್ರಿ ಸಾವಿರ ಸಾವಿರ ಕಂಠಗಳು ಕೂಡಿ ಹಾಡುವುದಕ್ಕೆ ಎಡೆ ದೊರೆತರೆ ಅದರ ಅರ್ಥ ಲಂಡನ್ನಿನ ಸಭಾಂಗಣದಲ್ಲಿರುವ ಅರ್ಥವಲ್ಲ. ಆಳುವವರಿಗೂ ಈ ಕೀರ್ತಿಯಲ್ಲಿ ಪಾಲು ಬೇಕಿತ್ತು. ಆ ತಿಂಗಳ ಕೊನೆಗೆ ಅಧ್ಯಕ್ಷನಾಗಲಿದ್ದ ಜನರಲ್ ವಿಯೋಲಾ ಕಲಾವಿದರನ್ನು ಭೇಟಿಗೆ ಆಹ್ವಾನಿಸಿದನು. ಮೂವರು ಹೋದರು, ರಾಜರ್ ಟೇಲರ್ ಹೋಗಲು ಒಪ್ಪಲಿಲ್ಲ. ಮರುವರ್ಷದ ಏಪ್ರಿಲಿನಲ್ಲಿ ಫಾಕ್‌ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೀನಕ್ಕೂ ಯುದ್ಧ ಹತ್ತಿತು. ಇಂಗ್ಲಿಷು ಹಾಡುಗಳು ಅರ್ಜೆಂಟೀನದ ಬಾನುಲಿಯಿಂದ ಹೊರಬಿದ್ದವು. ಆ ತೆರವನ್ನು ತುಂಬಲು ನಿಲಯಗಳು ಸ್ಪ್ಯಾನಿಷ್ ಭಾಷೆಯ ಸ್ವದೇಶಿ ರಾಕ್ ಹಾಡುಗಳನ್ನು ಹುಡುಕಬೇಕಾಯಿತು. ಚಾರ್ಲಿ ಗಾರ್ಸಿಯ ಮೊದಲಾದವರ ದನಿ ಮನೆಮನೆಗೂ ಮುಟ್ಟಿತು. ಜನರ ರುಚಿ ಒಂದು ರಾತ್ರಿಯಲ್ಲಿ ಬದಲಾಗಲಿಲ್ಲ, ಬದಲಾದುದು ಬಾಗಿಲು.

ದಕ್ಷಿಣ ಆಫ್ರಿಕದ ಪ್ರಸಂಗ ಇದಕ್ಕಿಂತಲೂ ಕಹಿಯಾದದ್ದು. 1980ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ವರ್ಣಭೇದದ ಆ ಸರಕಾರಕ್ಕೆ ಸಾಂಸ್ಕೃತಿಕ ಬಹಿಷ್ಕಾರ ಹಾಕಬೇಕೆಂದು ಕರೆಕೊಟ್ಟಿತ್ತು. ಆದರೂ 1984ರ ಅಕ್ಟೋಬರಿನಲ್ಲಿ ‘ಕ್ವೀನ್’ ಅಲ್ಲಿನ ಸನ್ ಸಿಟಿ ಎಂಬ ವಿಲಾಸಧಾಮದಲ್ಲಿ ಹಾಡಿತು. ತಾವು ರಾಜಕಾರಣಿಗಳಲ್ಲ, ಕೇಳಬಯಸುವವರಿಗೆ ಹಾಡುವವರು ಎಂಬುದು ಅವರ ಸಮಾಧಾನ. ಬ್ರಿಟನ್ನಿನ ಸಂಗೀತಗಾರರ ಸಂಘ ಆ ಸಮಾಧಾನವನ್ನು ಒಪ್ಪದೆ ದಂಡ ವಿಧಿಸಿತು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಹೆಸರು ಸೇರಿತು. ಅಲ್ಲಿ ಗಳಿಸಿದ ಚಪ್ಪಾಳೆಗೆ ಇಲ್ಲಿ ಮಾನದಿಂದ ಬೆಲೆ ತೆರಬೇಕಾಯಿತು. 2003ರ ನವೆಂಬರಿನಲ್ಲಿ ಕೇಪ್ ಟೌನ್ ನಗರದಲ್ಲಿ ನೆಲ್ಸನ್ ಮಂಡೇಲಾ ಅವರ ಕರೆಯಂತೆ ಏಡ್ಸ್ ಪೀಡಿತರಿಗಾಗಿ ನಡೆದ ಮಹಾಗೋಷ್ಠಿಯಲ್ಲಿ ಮೇ ಮತ್ತು ಟೇಲರ್ ಮುಂದೆ ನಿಂತು ನುಡಿಸಿದರು. ಅದನ್ನು ಪ್ರಾಯಶ್ಚಿತ್ತವೆನ್ನಬೇಕೋ ಬೇಡವೋ, ಕೇಳುಗರು ತಾವೇ ನಿರ್ಧರಿಸಬಹುದು.

ಒಂದೇ ಹಾಡು ಒಂದೊಂದು ಅಂಗಳದಲ್ಲಿ ಒಂದೊಂದು ಅರ್ಥ ತಳೆಯುವುದಕ್ಕೆ ಬ್ರೆಜಿಲ್ ಸಾಕ್ಷಿ. 1985ರ ಜನವರಿಯಲ್ಲಿ ರಿಯೊ ನಗರದಲ್ಲಿ ಭಾರಿ ಸಂಗೀತೋತ್ಸವ ನಡೆಯಿತು. ಇಪ್ಪತ್ತೊಂದು ವರ್ಷಗಳ ಸೈನಿಕ ಆಡಳಿತ ಮುಗಿಯುತ್ತಿದ್ದ ಕಾಲ. ಉತ್ಸವ ನಡೆದಿರುವಾಗಲೇ ನಾಗರಿಕ ಅಧ್ಯಕ್ಷನ ಆಯ್ಕೆಯೂ ಆಯಿತು. ‘ಐ ವಾಂಟ್ ಟು ಬ್ರೇಕ್ ಫ್ರೀ’ಗಾಗಿ ಮರ್ಕ್ಯುರಿ ಹೆಣ್ಣಿನ ವೇಷದಲ್ಲಿ ಬಂದಾಗ ಜನರಲ್ಲಿ ಕೆಲವರು ಕೆರಳಿದರೆಂದೂ, ಬಿಡುಗಡೆಯ ಹಾಡೆಂದು ತಾವು ನಂಬಿದ್ದನ್ನು ಅವನು ಹಾಸ್ಯ ಮಾಡಿದನೆಂದು ನೊಂದರೆಂದೂ ಅಂದಿನ ವರದಿಗಳು ಹೇಳಿದವು. ಲಂಡನ್ನಿಗೆ ನಗೆ, ನ್ಯೂಯಾರ್ಕಿಗೆ ಮುಜುಗರ, ರಿಯೊಗೆ ವಿಮೋಚನೆ! ಹಾಡಿನ ಒಂದು ಸ್ವರವೂ ಬದಲಾಗಿರಲಿಲ್ಲ.

1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಮೈದಾನದ ‘ಲೈವ್ ಏಡ್’ ಗೋಷ್ಠಿಯಲ್ಲಿ ಇಪ್ಪತ್ತು ನಿಮಿಷ ಹಾಡಿ ವೃಂದವು ಮತ್ತೆ ಬ್ರಿಟನ್ನಿನ ಕಣ್ಮಣಿಯಾಯಿತು. 1986ರಲ್ಲಿ ಬುಡಾಪೆಸ್ಟಿನಲ್ಲಿ ಮರ್ಕ್ಯುರಿ ಅಂಗೈಯಲ್ಲಿ ಬರೆದುಕೊಂಡ ಹಂಗೇರಿಯ ಜಾನಪದ ಗೀತೆಯನ್ನು ಹಾಡಿ ಆ ಜನರ ಮನಸ್ಸನ್ನು ಸೂರೆಗೊಂಡನು. ಅಮೆರಿಕ ಮಾತ್ರ ತಿರುಗಿ ನೋಡಲಿಲ್ಲ. 1991ರ ನವೆಂಬರ್ 24ರಂದು ಮರ್ಕ್ಯುರಿ ಏಡ್ಸ್ ರೋಗಕ್ಕೆ ತುತ್ತಾದನು. ಮರುವರ್ಷ ‘ವೇನ್ಸ್ ವರ್ಲ್ಡ್’ ಎಂಬ ಹಾಸ್ಯ ಚಲನಚಿತ್ರದಲ್ಲಿ, ಕಾರಿನಲ್ಲಿ ಕುಳಿತ ಕೆಲವು ತರುಣರು ಹಳೆಯ ‘ಬೊಹೀಮಿಯನ್ ರಾಪ್ಸಡಿ’ಗೆ ತಲೆಯಾಡಿಸಿದರು. ಅಷ್ಟೇ ಸಾಕಾಯಿತು. 1976ರಲ್ಲಿ ಒಂಬತ್ತರಲ್ಲಿ ನಿಂತಿದ್ದ ಹಾಡು 1992ರಲ್ಲಿ ಎರಡನೆಯ ಸ್ಥಾನಕ್ಕೇರಿತು. ತಪ್ಪಿಸಿಕೊಂಡಿದ್ದ ಕೀರ್ತಿ ಮರಳಿ ಬಂದಿತು. ಬಾಗಿಲು ತೆರೆಯುವ ಹೊತ್ತಿಗೆ ಅತಿಥಿ ಇರಲಿಲ್ಲ.

ಕೊನೆಯದಾಗಿ ನಮಗೆ ಸಮೀಪವಾದ ಒಂದು ಸಂಗತಿ. ಮರ್ಕ್ಯುರಿಯ ಹುಟ್ಟು ಹೆಸರು ಫಾರೂಖ್ ಬುಲ್ಸಾರಾ. ಪಾರಸಿ ಮನೆತನ, ಹುಟ್ಟಿದ್ದು 1946ರಲ್ಲಿ ಜಾಂಜಿಬಾರಿನಲ್ಲಿ, ಬಾಲ್ಯದ ವಿದ್ಯಾಭ್ಯಾಸ ಮಹಾರಾಷ್ಟ್ರದ ಪಂಚಗಣಿಯ ವಸತಿಶಾಲೆಯಲ್ಲಿ. ಅಲ್ಲಿಯೇ ಗೆಳೆಯರೊಡನೆ ತನ್ನ ಮೊದಲ ವಾದ್ಯಮೇಳ ಕಟ್ಟಿದನು. 1964ರ ಕ್ರಾಂತಿ ಆ ಕುಟುಂಬವನ್ನು ಜಾಂಜಿಬಾರಿನಿಂದ ಇಂಗ್ಲೆಂಡಿಗೆ ಅಟ್ಟಿತು. ಟೋಕಿಯೋ, ಸಾವೊ ಪಾಲೊ, ಬುಡಾಪೆಸ್ಟುಗಳಲ್ಲಿ ಹಾಡಿದವನು ಪಂಚಗಣಿಯನ್ನು ಕೊಟ್ಟ ಭಾರತದಲ್ಲಿಯಾಗಲಿ, ಹುಟ್ಟಿದ ದ್ವೀಪದಲ್ಲಿಯಾಗಲಿ ಆ ವೃಂದದೊಡನೆ ಒಮ್ಮೆಯೂ ಹಾಡಲಿಲ್ಲ. 2006ರಲ್ಲಿ ಅವನ ಅರವತ್ತನೆಯ ಜನ್ಮದಿನವನ್ನು ಜಾಂಜಿಬಾರಿನಲ್ಲಿ ಆಚರಿಸಲು ಹೊರಟಾಗ ಅವನ ಬದುಕಿನ ರೀತಿ ತಮಗೆ ಸಮ್ಮತವಲ್ಲವೆಂದು ಧಾರ್ಮಿಕ ಸಂಘಟನೆಯೊಂದು ಪ್ರತಿಭಟಿಸಿತು, ಸಮಾರಂಭ ನಿಂತಿತು. 2019ರಲ್ಲಿ ಅದೇ ಊರಿನಲ್ಲಿ ಅವನ ಹೆಸರಿನ ಪುಟ್ಟ ವಸ್ತುಸಂಗ್ರಹಾಲಯ ತೆರೆಯಿತು.

ಆದುದರಿಂದ ಜನಪ್ರಿಯತೆಯ ಪಟ್ಟಿಗಳನ್ನು ಓದುವಾಗ ಅವು ಹಾಡಿನ ತೂಕವನ್ನು ಹೇಳುತ್ತವೆಂದು ತಿಳಿಯಬಾರದು. ಹಾಡು ನಡೆದುಬಂದ ದಾರಿಯನ್ನು ಅವು ಹೇಳುತ್ತವೆ. ಯಾವ ಬಾನುಲಿ ಕರೆಯಿತು, ಯಾವ ಸರಕಾರ ತಡೆಯಿತು, ಯಾವ ಜನ ಯಾವ ನೋವಿನಲ್ಲಿದ್ದರು ಎಂಬುದನ್ನು ಹೇಳುತ್ತವೆ. ನಮ್ಮ ಅಂಗಳಕ್ಕೆ ಬಾರದ ಹಾಡು ಹಾಡಲ್ಲವೆಂದು ತೀರ್ಪು ಕೊಡುವ ಮೊದಲು, ನಮ್ಮ ಬಾಗಿಲು ತೆರೆದಿತ್ತೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.